ಕೆರೆ ಏರಿಯ ರಸ್ತೆ ಮತ್ತು ಆಮೆಗಳ ಲೆಕ್ಕ

ಭರಣಿ ಮಳೆ ಹದವಾಗಿ ಬಿದ್ದ ಮಾರನೆಯ ಬೆಳಿಗ್ಗೆ ತುರುವೇಕೆರೆ ಸೀಮೆಯ ರೈತರು ಮೊದಲು ನೋಡುವುದು ನೆಲದ ಹಸಿಯನ್ನು. ಎಷ್ಟು ಒಳಕ್ಕೆ ಇಳಿದಿದೆ, ಉಳುಮೆಗೆ ಸಾಕೇ, ತೆಂಗಿನ ಪಾತಿಯಲ್ಲಿ ನೀರು ನಿಂತಿದೆಯೇ ಎಂಬುದೇ ಆ ಹೊತ್ತಿನ ಮಾತು. ಅದೇ ರಾತ್ರಿ, ಬೇಸಿಗೆಯನ್ನೆಲ್ಲ ಕೆರೆಯಂಗಳದ ಕೆಸರಿನಡಿ ಹೂತುಕೊಂಡು ಕಳೆದ ಆಮೆಗಳೂ ಮೇಲೆದ್ದು ನಡೆಯತೊಡಗಿರುತ್ತವೆ. ಕೆಲವಕ್ಕೆ ನೀರಿರುವ ಕಟ್ಟೆ ಬೇಕು. ಕೆಲವಕ್ಕೆ ಜೊತೆ ಬೇಕು. ಹೆಣ್ಣಿಗೆ ಮೊಟ್ಟೆಯಿಡಲು ನೀರು ನಿಲ್ಲದ ದಿಣ್ಣೆ ಬೇಕು. ಯಾವ ಕಡೆ ಹೊರಟರೂ ಸ್ವಲ್ಪ ದೂರಕ್ಕೆ ಏರಿ ಅಡ್ಡ ಬರುತ್ತದೆ, ಏರಿಯ ಮೇಲೆ ಡಾಂಬರು ರಸ್ತೆ ಇರುತ್ತದೆ. ಬೆಳಗಿನ ಜಾವ ಡೈರಿಗೆ ಹಾಲು ಸಾಗಿಸುವ ಬೈಕಿನವರಿಗೂ ಮೊದಲ ಬಸ್ಸಿನ ಚಾಲಕರಿಗೂ ಅಲ್ಲಿ ಕಾಣುವುದು ಒಡೆದ ಚಿಪ್ಪು.

ಮಾಯಸಂದ್ರ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ದಾಟಿ ಈ ಊರಿನ ಮೂಲಕವೇ ನಾಗಮಂಗಲದ ಕಡೆಗೆ ಹೋಗುತ್ತದೆ. ಉತ್ತರದ ಕೆ.ಬಿ. ಕ್ರಾಸಿನಲ್ಲಿ ತುಮಕೂರು–ಶಿವಮೊಗ್ಗ ಹೆದ್ದಾರಿ, ದಕ್ಷಿಣದ ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ. ಈ ದೊಡ್ಡ ರಸ್ತೆಗಳ ನಡುವೆ ತೋಟ, ಕೆರೆ, ಕಟ್ಟೆ, ಹಳ್ಳಗಳು ಒತ್ತೊತ್ತಾಗಿವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷಾ ಇದೇ ಸೀಮೆಯಲ್ಲಿ ಹರಿದು ಯಡಿಯೂರಿನ ಹತ್ತಿರ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಗೊರೂರಿನಿಂದ ಬರುವ ಹೇಮಾವತಿ ನಾಲೆಯ ನೀರೂ ತಿಪಟೂರು, ತುರುವೇಕೆರೆ ಕಡೆಯ ಕೆರೆಗಳಿಗೆ ಸಿಗುತ್ತದೆ. ಹಳೆಯ ಬಂಡಿದಾರಿಗಳು ಕೆರೆ ಏರಿಗಳನ್ನೇ ಸೇತುವೆ ಮಾಡಿಕೊಂಡು ಬೆಳೆದವು. ಬಂಡಿ ಹೋಗುತ್ತಿದ್ದ ಏರಿಯ ಮೇಲೆ ಈಗ ಟಿಪ್ಪರ್ ಓಡುತ್ತದೆ, ಕೊಬ್ಬರಿ ತುಂಬಿದ ಲಾರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ.

ಈ ಉಪನ್ಯಾಸದ ವಾದ ಒಂದೇ. ಆಮೆ ಸಾಯುವುದು ರಸ್ತೆಯ ಉದ್ದಕ್ಕೂ ಅಲ್ಲ, ಕೆಲವೇ ಜಾಗಗಳಲ್ಲಿ. ವರ್ಷವಿಡೀ ಅಲ್ಲ, ಕೆಲವೇ ವಾರಗಳಲ್ಲಿ. ಆ ಜಾಗ ಯಾವುದು, ಆ ವಾರ ಯಾವುದು ಎಂದು ದಿನವೂ ನೋಡಿ ಬರೆದಿಟ್ಟರೆ ಸಾವು ತಡೆಯುವ ಕೆಲಸ ಒಂದು ಊರಿನ ಕೈಯಳತೆಗೆ ಬರುತ್ತದೆ. ಬರೆದಿಡದೆ ಬೇಲಿ ಹಾಕಿದರೆ ದುಡ್ಡೂ ಹೋಗುತ್ತದೆ, ಆಮೆಯೂ ಉಳಿಯುವುದಿಲ್ಲ.

ಮೊದಲು ಆಮೆಗಳ ಪರಿಚಯ. ಕೆರೆ, ಕಟ್ಟೆ, ಗದ್ದೆ, ನಾಲೆ ಎಲ್ಲ ಕಡೆಯೂ ಬದುಕಬಲ್ಲದ್ದು ಫ್ಲ್ಯಾಪ್‌ಶೆಲ್ ಆಮೆ. ಇದರ ಬೆನ್ನಿನ ಮೇಲೆ ಉಳಿದ ಆಮೆಗಳಿಗಿರುವ ಗಟ್ಟಿ ಫಲಕಗಳ ಜೋಡಣೆ ಇಲ್ಲ. ಎಲುಬಿನ ಗೂಡನ್ನು ನುಣುಪಾದ ಚರ್ಮ ಹೊದ್ದುಕೊಂಡಿರುತ್ತದೆ. ಮೇಲೆ ಹಸಿರು ಬೆರೆತ ಕಂದು, ಕೆಳಗೆ ಕೆನೆಬಣ್ಣ. ಮೂತಿ ಮುಂದಕ್ಕೆ ಚಾಚಿ ಕೊಳವೆಯಾಗಿರುವುದರಿಂದ ಮೈಯೆಲ್ಲ ನೀರಿನೊಳಗಿಟ್ಟು ಮೂಗಿನ ತುದಿಯನ್ನಷ್ಟೇ ಹೊರಗಿಟ್ಟು ಉಸಿರಾಡಬಲ್ಲದು. ಕೈಗೆತ್ತಿಕೊಂಡು ಮಗುಚಿ ನೋಡಿದರೆ ಹಿಂಗಾಲಿನ ಬಳಿ ಎರಡು ಮುಚ್ಚಳಗಳು ಕಾಣುತ್ತವೆ. ಹೆದರಿದಾಗ ಕಾಲು ಒಳಗೆಳೆದುಕೊಂಡು ಆ ಮುಚ್ಚಳ ಹಾಕಿಕೊಳ್ಳುತ್ತದೆ. ನರಿ, ನಾಯಿಯ ಹಲ್ಲಿನ ಎದುರು ಕೆಲಸಕ್ಕೆ ಬರುವ ಈ ಉಪಾಯ ಲಾರಿಯ ಎದುರು ಮುಳುವಾಗುತ್ತದೆ. ಓಡಬೇಕಾದ ಹೊತ್ತಿನಲ್ಲಿ ಆಮೆ ರಸ್ತೆಯ ನಡುವೆ ನಿಂತುಬಿಡುತ್ತದೆ.

ಎರಡನೆಯದು ಕಪ್ಪು ಆಮೆ. ಗಟ್ಟಿ ಚಿಪ್ಪು, ಬೆನ್ನಿನುದ್ದಕ್ಕೆ ಮೂರು ಏಣು, ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿಯ ಓಡಾಟ. ಮೂರನೆಯದು ನಕ್ಷತ್ರ ಆಮೆ. ಇದಕ್ಕೆ ಕೆರೆ ಬೇಡ, ಒಣ ಕುರುಚಲು ಬೇಕು. ಚಿಪ್ಪಿನ ಹಳದಿ ಗೆರೆಗಳ ಚೆಂದವೇ ಅದಕ್ಕೆ ಶತ್ರುವಾಗಿದೆ. ಅಕ್ವೇರಿಯಂ ಅಂಗಡಿಯ ಹಿಂಬಾಗಿಲಿನಿಂದ ವಿಮಾನದ ಸೂಟ್‌ಕೇಸಿನವರೆಗೆ ಇದರ ಕಳ್ಳಸಾಗಣೆ ಹಬ್ಬಿದೆ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ವಾಪಸು ತಂದು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಲಾಯಿತು. ಮರುವರ್ಷ ಜಿನೀವಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆ, ಭಾರತವೂ ಸೇರಿ ಕೆಲವು ದೇಶಗಳು ಮಂಡಿಸಿದ ಪ್ರಸ್ತಾವದಂತೆ, ಈ ಆಮೆಯ ಅಂತರರಾಷ್ಟ್ರೀಯ ಮಾರಾಟವನ್ನು ಪೂರ್ತಿ ನಿಷೇಧಿಸಿತು. ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ. ರಸ್ತೆಯ ಸಾವಿಗೆ ಆರೋಪಿಯೂ ಇಲ್ಲ, ಸುದ್ದಿಯೂ ಇಲ್ಲ.

ಒಂದು ಆಮೆ ಸತ್ತರೆ ಏನಾಯಿತು ಎಂದು ಕೇಳುವವರಿದ್ದಾರೆ. ಕೆರೆಯಲ್ಲಿ ಕಪ್ಪೆ ಸಾವಿರಾರು ಮೊಟ್ಟೆಯಿಡುತ್ತದೆ, ಮೀನು ಲಕ್ಷ ಇಡುತ್ತದೆ, ಒಂದು ಮಳೆಗಾಲದಲ್ಲಿ ನಷ್ಟ ತುಂಬುತ್ತದೆ. ಆಮೆಯ ಸಂಸಾರ ಹಾಗೆ ನಡೆಯುವುದಿಲ್ಲ. ಫ್ಲ್ಯಾಪ್‌ಶೆಲ್ ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯಿಂದ ಒಂದು ಡಜನ್ನಿನ ಆಸುಪಾಸಿನವರೆಗೆ. ನಕ್ಷತ್ರ ಆಮೆ ಅದಕ್ಕೂ ಕಡಿಮೆ. ಮೊಟ್ಟೆಗಳು ತಿಂಗಳುಗಟ್ಟಲೆ ಮಣ್ಣಿನಡಿ ಇರಬೇಕು. ಉಡ, ಮುಂಗುಸಿ, ಹಂದಿ, ನಾಯಿ ಎಲ್ಲಕ್ಕೂ ಅವು ಊಟ. ಮರಿ ಹೊರಬಂದ ಮೇಲೆ ಕಾಗೆ, ಕೊಕ್ಕರೆ. ಈ ಸೋಲನ್ನೆಲ್ಲ ಆಮೆ ಸರಿದೂಗಿಸುವುದು ಒಂದೇ ದಾರಿಯಿಂದ: ಬೆಳೆದ ಹೆಣ್ಣು ಹತ್ತಾರು ವರ್ಷ ಬದುಕಿ, ಪ್ರತಿವರ್ಷ ಮೊಟ್ಟೆಯಿಟ್ಟು, ಅಷ್ಟರಲ್ಲಿ ಒಂದೆರಡು ಮರಿ ದಕ್ಕಿದರೆ ಸಾಕು ಎನ್ನುವ ಲೆಕ್ಕ.

ಅಮೆರಿಕದ ಮಿಷಿಗನ್‌ನಲ್ಲಿ ಜಸ್ಟಿನ್ ಕಾಂಗ್ಡನ್ ಮತ್ತು ಸಂಗಡಿಗರು ಗುರುತು ಹಾಕಿದ ಆಮೆಗಳನ್ನು ದಶಕಗಳ ಕಾಲ ಹಿಂಬಾಲಿಸಿ 1993 ಮತ್ತು 1994ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಸ್ನ್ಯಾಪಿಂಗ್ ಆಮೆಗಳ ಮೇಲಿನ ಅವರ ಲೆಕ್ಕದ ಪ್ರಕಾರ, ಹದಿನೈದು ವರ್ಷ ದಾಟಿದ ಆಮೆಗಳ ವಾರ್ಷಿಕ ಸಾವು ನೂರಕ್ಕೆ ಹತ್ತರಷ್ಟು ಏರಿದರೆ, ಇಪ್ಪತ್ತು ವರ್ಷ ತುಂಬುವುದರೊಳಗೆ ಬೆಳೆದ ಆಮೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. 2002ರಲ್ಲಿ ಜೇಮ್ಸ್ ಗಿಬ್ಸ್ ಮತ್ತು ಗ್ರೆಗರಿ ಶ್ರೈವರ್ ರಸ್ತೆಗಳನ್ನೇ ಗಮನದಲ್ಲಿಟ್ಟು ಲೆಕ್ಕ ಹಾಕಿದಾಗ, ವರ್ಷಕ್ಕೆ ಶೇ. 2–3ಕ್ಕಿಂತ ಹೆಚ್ಚಿನ ಹೆಚ್ಚುವರಿ ಸಾವನ್ನು ಬಹುಪಾಲು ಆಮೆಗಳು ತಾಳಲಾರವು ಎಂದು ಕಂಡಿತು. ಅಂದರೆ ನೂರು ದೊಡ್ಡ ಆಮೆಗಳಿರುವ ಒಂದು ಕೆರೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ರಸ್ತೆಯ ಮೇಲೆ ಸತ್ತರೂ ಆ ಕೆರೆಯ ಆಮೆವಂಶ ಇಳಿಮುಖ ಹಿಡಿದಂತೆ. ಊರಿನ ಹಿರಿಯರು ‘ಮೊದಲೆಲ್ಲ ಆಮೆ ಬೇಕಾದಷ್ಟಿತ್ತು’ ಎನ್ನುವಾಗ ಯಾವುದೋ ಒಂದು ವರ್ಷ ಅವು ಒಟ್ಟಿಗೆ ಸತ್ತದ್ದು ಅವರ ನೆನಪಿನಲ್ಲಿ ಇರುವುದಿಲ್ಲ. ಇಂಥ ನಷ್ಟಕ್ಕೆ ಅಂಥ ವರ್ಷವೇ ಬೇಕಿಲ್ಲ.

ಅದರಲ್ಲೂ ರಸ್ತೆ ಕೊಲ್ಲುವುದು ಹೆಚ್ಚಾಗಿ ಹೆಣ್ಣನ್ನು. ಗಂಡಿಗೆ ನೀರು ಬಿಟ್ಟು ಬರಬೇಕಾದ ಸಂದರ್ಭ ಕಡಿಮೆ. ಹೆಣ್ಣು ಮೊಟ್ಟೆಗಾಗಿ ಬರಲೇಬೇಕು. ಫ್ಲಾರಿಡಾದಲ್ಲಿ ಮ್ಯಾಥ್ಯೂ ಅರೆಸ್ಕೊ ರಸ್ತೆಗೆ ಹತ್ತಿರದ ಕೆರೆಗಳ ಆಮೆಗಳನ್ನು ಎಣಿಸಿದಾಗ ಗಂಡುಗಳೇ ಹೆಚ್ಚು ಉಳಿದಿದ್ದವು.

ಈ ಅರೆಸ್ಕೊ ಅವರ ಕಥೆ ಮಾಯಸಂದ್ರದವರು ಪೂರ್ತಿ ಕೇಳಬೇಕಾದದ್ದು. ಟ್ಯಾಲಹ್ಯಾಸಿ ನಗರದ ಹೊರಗೆ ಜಾಕ್ಸನ್ ಎಂಬ ದೊಡ್ಡ ಕೆರೆ ಇದೆ. ಅದರ ಒಂದು ಭಾಗವನ್ನು ಕತ್ತರಿಸಿಕೊಂಡು ನಾಲ್ಕು ಪಥದ 27ನೇ ಹೆದ್ದಾರಿ ಹಾಯುತ್ತದೆ. ಒಂದು ಪಕ್ಕ ದೊಡ್ಡ ಕೆರೆ, ಇನ್ನೊಂದು ಪಕ್ಕ ಚಿಕ್ಕ ಕೆರೆ. ನಮ್ಮ ಏರಿ ರಸ್ತೆಯ ಚಿತ್ರವೇ. 1999ರ ಬರದಲ್ಲಿ ದೊಡ್ಡ ಕೆರೆಯ ನೀರು ಬತ್ತಿತು. ಆಮೆಗಳು ನೀರು ಹುಡುಕಿಕೊಂಡು ಹೆದ್ದಾರಿ ದಾಟಲು ಹೊರಟವು. 2000ದ ಫೆಬ್ರವರಿಯಲ್ಲಿ, ಆಗ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಅರೆಸ್ಕೊ ಆ ದಾರಿಯಲ್ಲಿ ಹೋಗುವಾಗ ಅರ್ಧ ಕಿಲೋಮೀಟರಿನಷ್ಟು ಜಾಗದಲ್ಲೇ ಸತ್ತ ತೊಂಬತ್ತು ಆಮೆಗಳನ್ನು ಕಂಡರು. ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಹನ ಓಡುವ ರಸ್ತೆ ಅದು.

ಅವರು ಮೊದಲು ಮಾಡಿದ್ದು ಎಣಿಕೆ. ಬೇಲಿ ಹಾಕುವ ಮೊದಲು ಕಿಲೋಮೀಟರಿಗೆ ದಿನವೊಂದಕ್ಕೆ ಸರಾಸರಿ 11.9 ಆಮೆ ಸಾಯುತ್ತಿತ್ತು. ಸತ್ತ 343 ಆಮೆಗಳಲ್ಲಿ ಶೇ. 95ರಷ್ಟು ರಸ್ತೆಯ ಅಂಚಿನಲ್ಲೇ, ಡಾಂಬರಿಗೆ ಕಾಲಿಟ್ಟ ತಕ್ಷಣ ಸತ್ತಿದ್ದವು. ಉಳಿದವು ಮೊದಲೆರಡು ಪಥ ದಾಟುವುದರೊಳಗೆ. ಆಚೆ ದಡ ತಲುಪುವ ಮಾತೇ ಇರಲಿಲ್ಲ. ಆಮೇಲೆ ಕಾಮಗಾರಿ ಜಾಗದಲ್ಲಿ ಮಣ್ಣು ಕೊಚ್ಚಿಹೋಗದಂತೆ ಕಟ್ಟುವ ದಪ್ಪ ಬಟ್ಟೆಯನ್ನು ಮೊಣಕಾಲೆತ್ತರಕ್ಕೆ ರಸ್ತೆಯ ಎರಡೂ ಬದಿಗೆ ಎಳೆದು, ಬುಡವನ್ನು ಮಣ್ಣಿನಲ್ಲಿ ಹೂತರು. ಬೇಲಿಗೆ ತಗುಲಿದ ಆಮೆ ಅದರ ಪಕ್ಕದಲ್ಲೇ ನಡೆದು ಹೆದ್ದಾರಿಯಡಿ ಮೊದಲೇ ಇದ್ದ ಒಂದು ಮೋರಿಗೆ ಬರುವ ಹಾಗೆ ಮಾಡಿದರು. ದಿನಕ್ಕೆ ಹಲವು ಸಲ ಬೇಲಿ ಸುತ್ತಿ, ಅಲ್ಲಿ ನಿಂತ ಆಮೆಗಳನ್ನು ಕೈಯಿಂದಲೂ ದಾಟಿಸಿದರು. ಬೇಲಿಗೆ ಬಂದ 8,475 ಆಮೆಗಳಲ್ಲಿ ಅದನ್ನು ಹತ್ತಿಯೋ ನುಸುಳಿಯೋ ರಸ್ತೆಗೆ ಹೋದವು 84 ಮಾತ್ರ. ಸಾವಿನ ಪ್ರಮಾಣ ಕಿಲೋಮೀಟರಿಗೆ ದಿನಕ್ಕೆ 0.09ಕ್ಕೆ ಇಳಿಯಿತು.

ಇಷ್ಟೂ ಅಂಕಿ ಕೈಯಲ್ಲಿದ್ದದ್ದರಿಂದಲೇ ಮುಂದಿನ ಕೆಲಸ ಆಯಿತು. ಒಬ್ಬ ವಿದ್ಯಾರ್ಥಿಯ ನೋಟ್‌ಬುಕ್ಕಿನಿಂದ ಶುರುವಾದದ್ದು ಊರಿನವರ ಒತ್ತಾಯವಾಗಿ, ಸರ್ಕಾರದ ಯೋಜನೆಯಾಗಿ, 2010ರಲ್ಲಿ ಶಾಶ್ವತ ತಡೆಗೋಡೆ ಮತ್ತು ಅಡಿದಾರಿಗಳಾಗಿ ಮುಗಿಯಿತು. ‘ಪಾಪ, ಆಮೆಗಳು ಸಾಯುತ್ತಿವೆ’ ಎಂಬ ಅರ್ಜಿಗೆ ಎಂಜಿನಿಯರ್ ಏನು ಮಾಡಬೇಕು? ‘ಇಂಥ ಕಲ್ಲಿನಿಂದ ಇಂಥ ಕಲ್ಲಿನವರೆಗೆ, ಈ ತಿಂಗಳುಗಳಲ್ಲಿ, ಇಷ್ಟು’ ಎಂದು ಬರೆದುಕೊಟ್ಟರೆ ಅವರೂ ಅಂದಾಜುಪಟ್ಟಿ ಹಾಕಬಹುದು.

ಕೆನಡಾದ ಇರಿ ಸರೋವರದ ದಂಡೆಯಲ್ಲಿ ಲಾಂಗ್ ಪಾಯಿಂಟ್ ಎಂಬಲ್ಲಿ ಜೌಗಿನ ನಡುವೆ ಒಂದು ಏರಿ ರಸ್ತೆ ಇದೆ. ಅಲ್ಲಿಯೂ ವರ್ಷಗಳ ಕಾಲ ಲೆಕ್ಕವಿಟ್ಟು ಬೇಲಿ ಹಾಕಿದರು. ಬೇಲಿ ಎಲ್ಲೂ ತಪ್ಪದಂತೆ ಹಾಕಿದ ಭಾಗದಲ್ಲಿ ರಸ್ತೆಗೆ ಬಂದ ಆಮೆಗಳ ಸಂಖ್ಯೆ ಶೇ. 89ರಷ್ಟು ಇಳಿಯಿತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲ್ಲಲ್ಲಿ ಬಿಟ್ಟು ಬಿಟ್ಟು ಹಾಕಿದ ಭಾಗದಲ್ಲಿ ಇಳಿದದ್ದು ಶೇ. 6 ಮಾತ್ರ. ಅರ್ಧ ಕೆಲಸದಿಂದ ಅರ್ಧ ಫಲವೂ ಬರಲಿಲ್ಲ ಎಂಬುದು ಅಳೆದು ನೋಡಿದ್ದರಿಂದ ತಿಳಿಯಿತು. ಅದೇ ರಸ್ತೆಯಲ್ಲಿ ಹತ್ತು ವರ್ಷ ಮೊದಲು ಆಮೆ, ಹಾವುಗಳ ಗೊಂಬೆಗಳನ್ನಿಟ್ಟು ಚಾಲಕರನ್ನು ಗಮನಿಸಿದ್ದರು. ಸುಮಾರು ಶೇ. 2.7 ಮಂದಿ ಬೇಕೆಂದೇ ಗೊಂಬೆಯ ಮೇಲೆ ಗಾಡಿ ಹಾಯಿಸಿದರು. ಇದು ಬೇಸರದ ಅಂಕಿ ನಿಜ. ಆದರೆ ನೂರರಲ್ಲಿ ಉಳಿದ ತೊಂಬತ್ತೇಳು ಮಂದಿ ಹಾಗೆ ಮಾಡಲಿಲ್ಲ, ಕೆಲವರು ನಿಲ್ಲಿಸಿ ಎತ್ತಿ ಬದಿಗಿಡಲೂ ಬಂದರು ಎನ್ನುವುದೂ ಅಲ್ಲೇ ಇದೆ. ಬಹುಪಾಲು ಸಾವಿಗೆ ಕಾರಣ ಕೇಡಿಗತನ ಅಲ್ಲ, ಕತ್ತಲು ಮತ್ತು ವೇಗ.

ಹಾಗಾದರೆ ಫ್ಲಾರಿಡಾದ ಬೇಲಿಯನ್ನೇ ತಂದು ಇಲ್ಲಿ ನೆಡಬಹುದೇ? ಪೂರ್ತಿ ಆಗದು. ಕೆರೆ ಏರಿ ನೀರು ತಡೆಯಲು ಕಟ್ಟಿದ್ದು. ಅದರ ಹೊಟ್ಟೆ ಕೊರೆದು ಆಮೆಗೆಂದು ಮೋರಿ ಇಟ್ಟರೆ ಏರಿ ಜಿನುಗಿ ಒಡೆಯುವ ಅಪಾಯ. ಇರುವ ತೂಬು ನೀರಿನ ದಾರಿ, ಪ್ರಾಣಿಯ ದಾರಿಯಲ್ಲ. ಆದ್ದರಿಂದ ಏರಿಯಲ್ಲಿ ಬೇಲಿಯ ಕೆಲಸ ಆಮೆಯನ್ನು ಅಡಿಯಿಂದ ದಾಟಿಸುವುದಲ್ಲ, ಏರಿಯ ತುದಿಗೆ, ಕೋಡಿಯ ಕಡೆಗೆ ನಡೆಸುವುದು. ಕೋಡಿಯ ಮೇಲೆ ಸೇತುವೆಯಿದ್ದರೆ ಅದರಡಿ ದಾರಿ ತೆರೆದೇ ಇರುತ್ತದೆ. ಏರಿಯ ಒಳಮೈಯ ಒಂದು ಕೊನೆಯಲ್ಲಿ, ನೀರು ಮುಟ್ಟದ ಎತ್ತರದಲ್ಲಿ, ಸಡಿಲ ಮಣ್ಣಿನ ದಿಣ್ಣೆ ಮಾಡಿಕೊಟ್ಟರೆ ಹೆಣ್ಣು ಮೊಟ್ಟೆಗಾಗಿ ರಸ್ತೆ ದಾಟಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ. ಬೇಲಿ ಹಾಕಲಾಗದ ಕಿರಿದಾದ ಏರಿಯಲ್ಲಿ ಎರಡು ಉಬ್ಬು ಹಾಕಿ ವೇಗ ತಗ್ಗಿಸುವುದೇ ದಾರಿ. ಏರಿಯ ಮೇಲೆ ವೇಗ ಇಳಿಸಿದರೆ ಮನುಷ್ಯರಿಗೂ ಕ್ಷೇಮ. ತಡೆಗೋಡೆಯಿಲ್ಲದ ಏರಿಯಿಂದ ಕೆರೆಗೆ ಉರುಳಿದ ವಾಹನಗಳ ಸುದ್ದಿ ಈ ಜಿಲ್ಲೆಗೆ ಹೊಸದಲ್ಲ.

ಹಳ್ಳದ ಮೋರಿಗಳ ಮಾತು ಬೇರೆ. ಅಲ್ಲಿ ಅಡಿದಾರಿ ಈಗಾಗಲೇ ಇದೆ, ಕೆಟ್ಟಿದೆ ಅಷ್ಟೆ. ತೆಂಗಿನ ಸೀಮೆಯ ಯಾವುದೇ ಮೋರಿಯೊಳಗೆ ಬಗ್ಗಿ ನೋಡಿದರೆ ಅರ್ಧದವರೆಗೆ ಹೂಳು, ಅದರ ಮೇಲೆ ಗರಿ, ಮಟ್ಟೆ, ಪ್ಲಾಸ್ಟಿಕ್ ಚೀಲ. ನೀರು ಹೊರಬೀಳುವ ಬದಿಯಲ್ಲಿ ಮಣ್ಣು ಕೊರೆದುಹೋಗಿ ಕಾಂಕ್ರೀಟಿನ ಅಂಚು ನೆಲದಿಂದ ಎರಡಡಿ ಮೇಲೆ ನಿಂತಿರುತ್ತದೆ. ಮೇಲಿನಿಂದ ಬಂದ ಆಮೆ ಕೆಳಗೆ ಬೀಳಬಹುದು, ಕೆಳಗಿನಿಂದ ಬಂದದ್ದು ಮೇಲೆ ಹತ್ತಲಾರದು. ತಿರುಗಿ ರಸ್ತೆಗೇ ಏರುತ್ತದೆ. ಬಾಯಿಗೆ ಕಲ್ಲು ಜೋಡಿಸಿ ಇಳಿಜಾರು ಮಾಡುವುದು, ಮುಂಗಾರಿಗೆ ಮೊದಲು ಹೂಳು ತೆಗೆಯುವುದು, ಇವೆರಡಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನೀರು ಸರಾಗ ಹರಿದರೆ ರಸ್ತೆಯೂ ಉಳಿಯುತ್ತದೆ.

ಬೇಲಿಗೆ ವಸ್ತು ಯಾವುದು ಎಂಬ ಪ್ರಶ್ನೆಗೆ ಈ ಸೀಮೆಯೇ ಉತ್ತರ ಕೊಡಬಲ್ಲದು. ತೆಂಗಿನ ನಾರಿನ ಭೂವಸ್ತ್ರವನ್ನು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಬಳಸಲು ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿತು. ದಟ್ಟ ನೇಯ್ಗೆಯ ಅಂಥದೇ ಬಟ್ಟೆಯನ್ನು ಒಂದು ಮಳೆಗಾಲದ ಮಟ್ಟಿಗೆ ತಾತ್ಕಾಲಿಕ ಬೇಲಿಯಾಗಿ ಕಟ್ಟಿ ನೋಡಬಹುದು. ಬಲೆಯಂತೆ ಕಣ್ಣಿರುವ ನೇಯ್ಗೆ ಮಾತ್ರ ಬೇಡ. ದೊಡ್ಡ ಆಮೆ ಉಗುರು ಸಿಕ್ಕಿಸಿ ಹತ್ತುತ್ತದೆ, ಮರಿ ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾರು ಎರಡು ಮೂರು ವರ್ಷದಲ್ಲಿ ಕೊಳೆಯುತ್ತದೆ. ಜಾಗ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಅಷ್ಟು ಕಾಲ ಸಾಕು. ಸರಿ ಎಂದಾದ ಮೇಲೆ ಕಲ್ಲಿನ ಗೋಡೆ ಕಟ್ಟಬಹುದು.

ಈಗ ಎಣಿಕೆಯ ಕ್ರಮ. ಸತ್ತ ಆಮೆ ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ. ಕಾಗೆ, ಹದ್ದು, ಬೀದಿನಾಯಿ ಬೆಳಕು ಹರಿಯುವ ಹೊತ್ತಿಗೇ ಬರುತ್ತವೆ. ಉಳಿದದ್ದನ್ನು ಚಕ್ರಗಳು ಅಳಿಸುತ್ತವೆ. ಪೋರ್ಚುಗಲ್‌ನಲ್ಲಿ ಸಾರಾ ಸಾಂತೋಸ್ ಮತ್ತು ಜೊತೆಗಾರರು ದಿನವೂ ರಸ್ತೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಸ್ತೆಯಲ್ಲಿ ಸತ್ತ ಬಹುಪಾಲು ಪ್ರಾಣಿಗಳ ಕಳೇಬರ ಸುಮಾರು ಒಂದು ದಿನದಲ್ಲೇ ಕಾಣೆಯಾಗುತ್ತದೆ. ವಾರಕ್ಕೊಮ್ಮೆ ಜೀಪಿನಲ್ಲಿ ಹೋಗಿ ನೋಡಿದವರಿಗೆ ಸಿಗುವುದು ನಿಜವಾದ ಸಾವಿನ ಒಂದು ಚೂರು. ಆದ್ದರಿಂದ ನೋಡುವವರು ಊರಿನವರೇ ಆಗಿರಬೇಕು, ಬೆಳಗಿನ ಜಾವವೇ ಹೋಗಬೇಕು, ನಡೆದೋ ಸೈಕಲ್ಲಿನಲ್ಲೋ ಹೋಗಬೇಕು. ಹಾಲಿನ ಡೈರಿಗೆ ದಿನ ತಪ್ಪದೆ ಹೋಗುವವರಿಗಿಂತ ಒಳ್ಳೆಯ ವೀಕ್ಷಕರು ಯಾವ ವಿಶ್ವವಿದ್ಯಾಲಯಕ್ಕೂ ಸಿಗಲಾರರು.

ಬರೆಯುವುದು ಬಹಳವಿಲ್ಲ. ತಾರೀಕು, ಹೊತ್ತು, ಜಾಗ (ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿದರೆ ಸಾಕು), ಯಾವ ಆಮೆ, ಬದುಕಿದೆಯೋ ಸತ್ತಿದೆಯೋ, ಪಕ್ಕದಲ್ಲಿ ನಾಣ್ಯವಿಟ್ಟು ತೆಗೆದ ಒಂದು ಫೋಟೊ, ಹಿಂದಿನ ರಾತ್ರಿ ಮಳೆ ಬಂದಿತ್ತೋ ಇಲ್ಲವೋ, ಕೆರೆಯಲ್ಲಿ ನೀರು ಎಷ್ಟಿದೆ. ಒಡೆದ ಹೊಟ್ಟೆಯಲ್ಲಿ ಮೊಟ್ಟೆ ಕಂಡರೆ ಅದನ್ನು ಬರೆಯಲೇಬೇಕು. ಆ ಜಾಗ ಮೊಟ್ಟೆಯಿಡುವ ದಾರಿ ಎಂದು ಗೊತ್ತಾಗುವುದು ಹಾಗೆಯೇ. ಬದುಕಿರುವ ಆಮೆ ಯಾವ ಕಡೆ ಮುಖ ಮಾಡಿತ್ತು ಎಂಬುದೂ ಬೇಕು. ಬರೆದಾದ ಮೇಲೆ ಕಳೇಬರವನ್ನು ರಸ್ತೆಯಿಂದ ಆಚೆಗೆ ಹಾಕಬೇಕು, ಇಲ್ಲದಿದ್ದರೆ ನಾಳೆ ಮತ್ತೊಬ್ಬರು ಅದನ್ನೇ ಎಣಿಸುತ್ತಾರೆ, ತಿನ್ನಲು ಬಂದ ನಾಯಿಯೂ ಚಕ್ರಕ್ಕೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಏನೂ ಸಿಗದ ದಿನವೂ ‘ಏನೂ ಇಲ್ಲ’ ಎಂದು ಬರೆಯುವುದು. ಸೊನ್ನೆಗಳಿಲ್ಲದ ಪಟ್ಟಿಯಿಂದ ಯಾವ ವಾರ ಅಪಾಯದ್ದು ಎಂದು ಹೇಳಲಾಗದು. ಹೆದ್ದಾರಿಯಲ್ಲಿ ಈ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಕಳಿಸಬಾರದು. ಒಳರಸ್ತೆಯಲ್ಲೂ ಮೇಷ್ಟ್ರು ಜೊತೆಗಿರಬೇಕು, ಹೊಳೆಯುವ ಜಾಕೆಟ್ ತೊಟ್ಟಿರಬೇಕು.

ಮಳೆ ನಕ್ಷತ್ರಗಳ ಹೆಸರಿನಲ್ಲೇ ಈ ಪಟ್ಟಿ ಬರೆದರೆ ಇನ್ನೂ ಒಳ್ಳೆಯದು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಎರಡು ವಾರಗಳ ಲೆಕ್ಕದಲ್ಲಿ ಬಿತ್ತನೆ ಯೋಚಿಸುವ ರೈತರಿಗೆ ಆಮೆಯ ಓಡಾಟವೂ ಅದೇ ಪಂಚಾಂಗದಲ್ಲಿ ಸಿಕ್ಕರೆ ನೆನಪಿನಲ್ಲಿ ನಿಲ್ಲುತ್ತದೆ. ಹಸ್ತ, ಚಿತ್ತೆ, ಸ್ವಾತಿಯ ಹಿಂಗಾರು ದಿನಗಳನ್ನೂ ಬಿಡಬಾರದು. ಬರದ ವರ್ಷಗಳನ್ನಂತೂ ಬಿಡಲೇಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜಾಕ್ಸನ್ ಕೆರೆಯ ಆಮೆಗಳು ರಸ್ತೆಗೆ ಬಂದದ್ದು ಅಂಥದೇ ವರ್ಷದಲ್ಲಿ.

ಕರ್ನಾಟಕಕ್ಕೆ ಈ ಬಗೆಯ ಕೆಲಸ ಹೊಸದಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸುವ ಆದೇಶ 2009ರಲ್ಲಿ ಬಂತು, ಹೈಕೋರ್ಟಿನಲ್ಲಿ ನಿಂತಿತು. ಅದೇ 2009ರಲ್ಲಿ ಕೆ.ಎಸ್. ಶೇಷಾದ್ರಿ, ಅಮಿತ್ ಯಾದವ್, ಕೆ.ವಿ. ಗುರುರಾಜ ಅವರು ಶರಾವತಿ ಕಣಿವೆಯ ರಸ್ತೆಗಳಲ್ಲಿ ಸತ್ತ ಕಪ್ಪೆಗಳನ್ನು ಎಣಿಸಿ, ಗದ್ದೆ, ಕಾಡು, ನೀರಿನ ಬದಿಯ ರಸ್ತೆಗಳನ್ನು ಹೋಲಿಸಿ ಪ್ರಕಟಿಸಿದರು. ರಸ್ತೆ, ರೈಲು, ವಿದ್ಯುತ್ ಮಾರ್ಗಗಳಿಂದ ವನ್ಯಜೀವಿಗೆ ಆಗುವ ಕೇಡು ತಗ್ಗಿಸುವ ಕೈಪಿಡಿಯನ್ನು ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲಿ ಹೊರತಂದಿತು. ಆದರೆ ಇವುಗಳ ಗಮನವೆಲ್ಲ ಬಹುಮಟ್ಟಿಗೆ ಕಾಡಿನ ರಸ್ತೆಗಳ ಮೇಲೆ. ಆಮೆಯ ಮನೆ ಅಭಯಾರಣ್ಯವಲ್ಲ, ಕೆರೆ. ಹುಲಿ ಯೋಜನೆಯ ಹಣ ಮಾಯಸಂದ್ರದ ಏರಿಗೆ ಬರುವುದಿಲ್ಲ. ಹೊಲ, ತೋಟ, ಕೆರೆಗಳ ನಡುವಿನ ಜೀವಿಗಳ ಹೊಣೆ ಅಲ್ಲಿಯ ಜನರದ್ದೇ ಆಗುತ್ತದೆ, ಕಾನೂನೂ ಅದಕ್ಕೆ ಜಾಗ ಮಾಡಿಕೊಟ್ಟಿದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಟ್ಟುಕೊಳ್ಳಬೇಕು. ಊರವರ ತಿಳಿವಳಿಕೆಯನ್ನು ಊರವರೇ ದಾಖಲಿಸಬೇಕೆಂಬ ಈ ವಿಚಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಬೆಳೆಸಿದರು. ದಾಖಲಾತಿ ಎಂದರೆ ಒಮ್ಮೆ ಪ್ರಾಣಿ, ಗಿಡಗಳ ಹೆಸರು ಬರೆದು ಬೀರುವಿನಲ್ಲಿಡುವ ಪುಸ್ತಕ ಅಲ್ಲ. ವರ್ಷ ವರ್ಷವೂ ಬದಲಾಗುವುದನ್ನು ಬರೆದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆಮೆಗಳ ಸಾವಿನ ಲೆಕ್ಕ ಅದರಲ್ಲೇ ಒಂದು ಅಧ್ಯಾಯವಾಗಬೇಕು. ಆಗ ಅದು ಯಾರೋ ಹವ್ಯಾಸಿಗಳ ಡೈರಿಯಾಗಿ ಉಳಿಯದೆ ಪಂಚಾಯಿತಿಯ ದಾಖಲೆಯಾಗುತ್ತದೆ, ಲೋಕೋಪಯೋಗಿ ಇಲಾಖೆ ಅದನ್ನು ಬದಿಗೆ ಸರಿಸುವುದು ಕಷ್ಟವಾಗುತ್ತದೆ.

ರೈಲಿನವರೂ ಇದನ್ನು ಕೇಳಬೇಕು. ತುಮಕೂರು–ಅರಸೀಕೆರೆ ಮಾರ್ಗ ಅಮ್ಮಸಂದ್ರ, ಬಾಣಸಂದ್ರ, ತಿಪಟೂರು ಮೂಲಕ ಹೋಗುತ್ತದೆ. ಹಳಿಗಳ ನಡುವೆ ಸಿಕ್ಕಿಬಿದ್ದ ಆಮೆಗೆ ಹಳಿ ಹತ್ತಿ ಹೊರಬರಲು ಆಗುವುದಿಲ್ಲ. ಜಪಾನಿನಲ್ಲಿ ಪಶ್ಚಿಮ ಜಪಾನ್ ರೈಲ್ವೆ, ಕೋಬೆಯ ಸುಮಾ ಮತ್ಸ್ಯಾಲಯದ ಜೊತೆ ಸೇರಿ, ಹಳಿಗಳ ಅಡಿಯಲ್ಲಿ ಅಡ್ಡಲಾಗಿ ಕಾಂಕ್ರೀಟಿನ ಚಿಕ್ಕ ಕಾಲುವೆಗಳನ್ನಿಟ್ಟಿತು. ಆಮೆ ಅದರೊಳಗಿಳಿದು ಪಕ್ಕಕ್ಕೆ ಹೊರಬರುತ್ತದೆ. 2015ರ ಹೊತ್ತಿಗೆ ಇದು ಕೆಲಸ ಮಾಡುತ್ತಿತ್ತು. ಆಮೆಗಳು ಹಳಿಯ ಸಂದಿಯಲ್ಲಿ ಸಿಕ್ಕಿ ರೈಲುಗಳು ತಡವಾಗುವುದನ್ನು ತಪ್ಪಿಸುವುದೂ ಇದರ ಉದ್ದೇಶವಾಗಿತ್ತು.

ಎಣಿಕೆ, ಬೇಲಿ ಬರುವವರೆಗೆ ಒಬ್ಬೊಬ್ಬರು ಮಾಡಬಹುದಾದದ್ದು ಇದೆ. ರಸ್ತೆಯಲ್ಲಿ ಆಮೆ ಕಂಡರೆ ಹಿಂದೆ ಮುಂದೆ ವಾಹನ ನೋಡಿಕೊಂಡು, ಗಾಡಿ ಬದಿಗೆ ಹಾಕಿ, ಚಿಪ್ಪಿನ ಎರಡು ಪಕ್ಕ ಹಿಡಿದು, ನೆಲಕ್ಕೆ ಹತ್ತಿರವಾಗಿಯೇ ಎತ್ತಿ, ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಬಿಡಬೇಕು. ಬಂದ ಕಡೆಗೆ ಬಿಟ್ಟರೆ ಮತ್ತೆ ದಾಟುತ್ತದೆ. ಬಾಲ ಹಿಡಿದು ನೇತಾಡಿಸಬಾರದು, ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಫ್ಲ್ಯಾಪ್‌ಶೆಲ್ ಕತ್ತು ಉದ್ದಕ್ಕೆ ಚಾಚಿ ಕಚ್ಚುತ್ತದೆ, ಹಿಂಭಾಗದಲ್ಲಿ ಹಿಡಿಯುವುದು ಮೇಲು. ಮನೆಗೆ ತಂದು ತೊಟ್ಟಿಯಲ್ಲಿ ಸಾಕುವುದು, ಅದೃಷ್ಟವೆಂದು ಬಾವಿಗೆ ಬಿಡುವುದು ಎರಡೂ ತಪ್ಪು. ಫ್ಲ್ಯಾಪ್‌ಶೆಲ್ ಮೊದಲಿನಿಂದಲೂ, ನಕ್ಷತ್ರ ಆಮೆ 2022ರ ತಿದ್ದುಪಡಿಯಿಂದೀಚೆಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಚಿಪ್ಪು ಸೀಳಿದ ಆಮೆಯನ್ನು ಸತ್ತಿತೆಂದು ಬಿಡಬೇಕಿಲ್ಲ. ಚಿಪ್ಪು ಎಲುಬಿನಂತೆಯೇ ಕೂಡಿಕೊಳ್ಳುತ್ತದೆ. ತೂತಿರುವ ಡಬ್ಬದಲ್ಲಿ ಒದ್ದೆ ಬಟ್ಟೆ ಹಾಸಿ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆಮೆಗಳಿಗೆಂದೇ ಒಂದು ಆಸ್ಪತ್ರೆ ಇದೆ. ಅಲ್ಲಿ ರಸ್ತೆಯಲ್ಲಿ ಸತ್ತ ಹೆಣ್ಣಿನ ಹೊಟ್ಟೆಯ ಮೊಟ್ಟೆಗಳನ್ನು ತೆಗೆದು, ಕಾವು ಕೊಟ್ಟು, ಮರಿಗಳನ್ನು ಅದೇ ಜೌಗಿಗೆ ವಾಪಸು ಬಿಡುತ್ತಾರೆ. ತುಮಕೂರು ಜಿಲ್ಲೆಯ ಪಶುವೈದ್ಯರಿಗೆ ಈ ತರಬೇತಿ ಕೊಡಿಸುವುದು ದೊಡ್ಡ ಖರ್ಚಿನ ಮಾತಲ್ಲ.

ಮಾಯಸಂದ್ರ ಹೋಬಳಿಯ ಪಂಚಾಯಿತಿಗಳ ಮುಂದಿರುವ ಕೋರಿಕೆ ಚಿಕ್ಕದು. ರಸ್ತೆ ಹಾಯುವ ಕೆರೆ ಏರಿಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಬರುವ ಅಶ್ವಿನಿ ಮಳೆಯಿಂದ ಒಂದು ವರ್ಷ, ದಿನವೂ ಬೆಳಗಾಗುವ ಹೊತ್ತಿಗೆ ಅವುಗಳನ್ನು ನೋಡಿ ಬರೆಯಲು ಒಬ್ಬರನ್ನು ಗೊತ್ತುಮಾಡಿ, ಅವರಿಗೆ ಕೂಲಿ ಕೊಡಿ. ಪುಸ್ತಕವನ್ನು ಜೀವವೈವಿಧ್ಯ ಸಮಿತಿಯ ಸಭೆಯಲ್ಲಿ ಪ್ರತಿ ತಿಂಗಳು ತೆರೆದು ಓದಿ. ವರ್ಷ ತುಂಬಿದ ಮೇಲೆ ಅದರ ಪ್ರತಿಯನ್ನು ಲೋಕೋಪಯೋಗಿ ಇಲಾಖೆಗೂ ಹೆದ್ದಾರಿ ಕಚೇರಿಗೂ ತುರುವೇಕೆರೆಯ ಅರಣ್ಯ ಅಧಿಕಾರಿಗಳಿಗೂ ಕೊಟ್ಟು, ಉಬ್ಬು, ಬೇಲಿ, ಮೋರಿ ರಿಪೇರಿ ಯಾವ ಜಾಗದಲ್ಲಿ ಬೇಕೆಂದು ಬರವಣಿಗೆಯಲ್ಲಿ ಕೇಳಿ.